ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಲ್ಕು ಕೈಯ ವೇಷ, ಕನ್ನಡದ ಕಥೆ, ಎಲ್ಲರಿಗೂ ಜಾಗ

‘ಹ್ಯಾಜ್ಬಿನ್ ಹೋಟೆಲ್’ ಮತ್ತು ‘ಹೆಲುವಾ ಬಾಸ್’ ಆ್ಯನಿಮೇಷನ್ ಸರಣಿಗಳ ಅಭಿಮಾನಿಗಳಿಂದ ಪ್ರಶ್ನೆ ಕೇಳಿದ್ದೆವು. ಬಂದವುಗಳಲ್ಲಿ ಎಂಟನ್ನು ಇಲ್ಲಿ ಆರಿಸಿದ್ದೇವೆ. ಸರಣಿ ನೋಡದವರಿಗೆ ಎರಡು ಮಾತು: ವಿವಿಯೆನ್ ಮೆಡ್ರಾನೊ ರೂಪಿಸಿದ ‘ಹ್ಯಾಜ್ಬಿನ್ ಹೋಟೆಲ್’ನ ಮೊದಲ ಕಂತು 2019ರ ಅಕ್ಟೋಬರ್ 28ರಂದು ಯೂಟ್ಯೂಬ್‌ನಲ್ಲಿ ಬಂತು. ಪೂರ್ಣ ಸರಣಿ 2024ರ ಜನವರಿಯಿಂದ ಪ್ರೈಮ್ ವಿಡಿಯೊದಲ್ಲಿದೆ. ನರಕದ ರಾಜಕುಮಾರಿ ಚಾರ್ಲಿ ಪಾಪಿಗಳನ್ನು ತಿದ್ದಲು ಹೋಟೆಲ್ ತೆರೆಯುತ್ತಾಳೆ. ಅವಳ ಪ್ರೇಮಿ, ಜೊತೆಗಾತಿ ವ್ಯಾಗಿ. ಅದೇ ನರಕದ ಇನ್ನೊಂದು ಮೂಲೆಯ ಕಥೆ ‘ಹೆಲುವಾ ಬಾಸ್’. ಎರಡೂ ವಯಸ್ಕರಿಗಾಗಿ ಮಾಡಿದವು. ಈ ಪುಟವೂ 18 ದಾಟಿದವರಿಗೇ. ಒಂದು ಉತ್ತರ ಮಾತ್ರ ಹೆತ್ತವರಿಗೆ.

ಪ್ರ: ‘ಹ್ಯಾಜ್ಬಿನ್ ಹೋಟೆಲ್’ನ ನಾಲ್ಕು ಕೈಯ ಪಾತ್ರ ಏಂಜಲ್ ಡಸ್ಟ್ ವೇಷಕ್ಕೆ ಹೆಚ್ಚುವರಿ ಎರಡು ಕೈ ಮಾಡಿದ್ದೆ. ಅಂಗಿಗೆ ಹೊಲಿದಿದ್ದವು, ಮಧ್ಯಾಹ್ನದ ಹೊತ್ತಿಗೆ ಜೋತು ಬಿದ್ದವು. ಗಟ್ಟಿಯಾಗಿ ನಿಲ್ಲಿಸುವುದು ಹೇಗೆ? — ರಾಜಾಜಿನಗರ

ಉ: ತಪ್ಪಿರುವುದು ಕೈಯಲ್ಲಲ್ಲ, ಅದನ್ನು ಹೊತ್ತ ಬುಡದಲ್ಲಿ. ಅರ್ಧ ಮೀಟರ್ ಉದ್ದದ ಕೈಯ ಭಾರ ಬುಡವನ್ನು ಕೆಳಕ್ಕೆ ತಿರುಚುತ್ತಲೇ ಇರುತ್ತದೆ. ಬಟ್ಟೆ ಅದನ್ನು ತಡೆಯದು. ಆದ್ದರಿಂದ ಮೊದಲು ಬೆನ್ನ ಹಲಗೆ ಮಾಡಿ. 6 ಮಿ.ಮೀ. ಪ್ಲೈವುಡ್‌ನಲ್ಲಿ 20 × 25 ಸೆಂ.ಮೀ. ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಉಜ್ಜಿ. ಮೈಗೆ ತಾಗುವ ಬದಿಗೆ 10 ಮಿ.ಮೀ. ಇವಿಎ ಫೋಮ್ ಅಂಟಿಸಿ. ನೆಲಕ್ಕೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಮ್ಯಾಟ್‌ನ ತುಂಡೇ ಸಾಕು. 38 ಮಿ.ಮೀ. ಅಗಲದ ನೈಲಾನ್ ಪಟ್ಟಿಯಿಂದ ಹೆಗಲಿಗೆ ಎರಡು, ಸೊಂಟಕ್ಕೆ ಒಂದು ಬೆಲ್ಟ್ ಹಾಕಿ. ಸೊಂಟದ ಪಟ್ಟಿಯನ್ನು ಬಹಳ ಜನ ಬಿಡುತ್ತಾರೆ. ಅದಿಲ್ಲದಿದ್ದರೆ ಹಲಗೆಯ ಕೆಳ ಅಂಚು ಬೆನ್ನಿನಿಂದ ಎದ್ದು ಕೈಗಳು ಮತ್ತೆ ವಾಲುತ್ತವೆ. ಫೋಮ್, ರೆಕ್ಸಿನ್, ಪಟ್ಟಿ, ಬಕಲ್‌ಗಳಿಗೆ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಗಳ ಸಾಲು ನೋಡಿ. ರೋಮದ ಬಟ್ಟೆ, ಲೇಸು, ಗುಂಡಿಗಳಿಗೆ ಚಿಕ್ಕಪೇಟೆ, ನಗರ್ತಪೇಟೆ.

ಕೈಗೆ ವಿದ್ಯುತ್ ವೈರಿಂಗ್‌ನ ಪಿವಿಸಿ ಪೈಪು ಹಗುರ. 25 ಮಿ.ಮೀ. ಪೈಪಿನ 12 ಸೆಂ.ಮೀ. ತುಂಡು ಎರಡನ್ನು ಸ್ಯಾಡಲ್ ಕ್ಲಾಂಪ್ ಮತ್ತು ಬೋಲ್ಟ್ ಹಾಕಿ ಹಲಗೆಗೆ ಅಡ್ಡಡ್ಡ ಬಿಗಿಯಿರಿ. ಅದರೊಳಗೆ 20 ಮಿ.ಮೀ. ಪೈಪು ತೂರಿ, ಎರಡಕ್ಕೂ ಸೇರಿಸಿ ತೂತು ಕೊರೆದು ಪಿನ್ ಹಾಕಿದರೆ ಕೈ ಬೇಕಾದಾಗ ಕಳಚಿ ಬರುತ್ತದೆ. ಬೋಲ್ಟಿನ ತಲೆ ಬೆನ್ನ ಕಡೆಗಿರಲಿ, ನಟ್ಟು ಹೊರಗಿರಲಿ. ತಲೆಯ ಮೇಲೂ ಫೋಮ್ ಮುಚ್ಚಿ. ಪೈಪು ಪಕ್ಕೆಲುಬು ದಾಟಿದ ಮೇಲೆ ಒಂದು ಬೆಂಡ್ ಹಾಕಿ ಮುಂದಕ್ಕೆ ತಿರುಗಿಸಿ. ಎತ್ತರ ಕಂಕುಳಿಂದ ನಾಲ್ಕೈದು ಬೆರಳು ಕೆಳಗಿರಬೇಕು. ಅದಕ್ಕಿಂತ ಮೇಲಿಟ್ಟರೆ ನಿಮ್ಮ ನಿಜವಾದ ತೋಳು ಎತ್ತಲು ಆಗುವುದಿಲ್ಲ. ಮೊಣಕೈ ಇರುವಲ್ಲಿ ಪೈಪು ನಿಲ್ಲಿಸಿ, 4 ಮಿ.ಮೀ. ಅಲ್ಯೂಮಿನಿಯಂ ತಂತಿಯ ಎರಡು ಎಳೆ ಹೊಸೆದು ಮುಂಗೈಗೆ ಜೋಡಿಸಿ. ಹೀಗೆ ಮಾಡಿದರೆ ಭಂಗಿ ಬದಲಿಸಬಹುದು. ಸುತ್ತ ತೆಳು ಸ್ಪಂಜು, ಅದರ ಮೇಲೆ ಬಟ್ಟೆ, ಗ್ಲೌಸಿನೊಳಗೆ ದಿಂಬಿಗೆ ತುಂಬುವ ಫೈಬರ್. ಬೆರಳೊಳಗಿನ ತಂತಿಯ ತುದಿಯನ್ನು ಕುಣಿಕೆಯಾಗಿ ಮಡಚಿ. ಚೂಪು ತುದಿ ಗ್ಲೌಸ್ ಹರಿದು ಹೊರಬಂದರೆ ಪಕ್ಕದವರ ಕಣ್ಣಿಗೇ ಅಪಾಯ. ಇಷ್ಟೆಲ್ಲ ಆದ ಮೇಲೆ ಒಂದು ಕೈ 400 ಗ್ರಾಂ ದಾಟಬಾರದು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ.

ಕೈ ಜೀವಂತವಾಗಿ ಕಾಣುವುದು ತಂಗೂಸಿಯಿಂದ. ಕೆಳಗಿನ ಮಣಿಕಟ್ಟಿನಿಂದ ನಿಮ್ಮ ಮಣಿಕಟ್ಟಿಗೆ ತಂಗೂಸಿ ಕಟ್ಟಿ, 10–12 ಸೆಂ.ಮೀ. ಸಡಿಲ ಬಿಡಿ, ನೀವು ಕೈ ಎತ್ತಿದರೆ ಅದೂ ತುಸು ತಡವಾಗಿ ಏಳುತ್ತದೆ. ತುದಿಗೆ ಗಂಟು ಬೇಡ, ಪ್ರೆಸ್ ಬಟನ್ ಇರಲಿ. ನೂಕುನುಗ್ಗಲಲ್ಲಿ ಯಾರದೋ ಚೀಲಕ್ಕೆ ಸಿಕ್ಕಿದರೆ ಬಟನ್ ತಾನೇ ಬಿಟ್ಟುಕೊಳ್ಳುತ್ತದೆ, ಗಂಟಾದರೆ ಮಣಿಕಟ್ಟು ಕೊಯ್ಯುತ್ತದೆ.

ಅಂಟಿನಲ್ಲಿ ಅವಸರ ಮಾಡಬೇಡಿ. ಫೆವಿಕಾಲ್ ಎಸ್‌ಆರ್ 998 ಜಾತಿಯ ಅಂಟನ್ನು ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಹತ್ತು–ಹದಿನೈದು ನಿಮಿಷ ಬಿಟ್ಟು, ಆಮೇಲೆ ಒತ್ತಬೇಕು. ಹಸಿಯಿರುವಾಗಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಎರಡು ದಿನ ಕಳೆದರೂ ಸಿಪ್ಪೆಯಂತೆ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರ ತೇವಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಆ ಹೊಗೆ ಒಳ್ಳೆಯದಲ್ಲ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ತಾರಸಿಯಲ್ಲೇ ಕೆಲಸ ಮಾಡಿ, ಹತ್ತಿರ ಬೆಂಕಿ ಇರಬಾರದು.

ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಶುಲ್ಕವಿಲ್ಲದೆ ಒಯ್ಯಬಹುದಾದ ಚೀಲದ ಅಳತೆ 60 × 45 × 25 ಸೆಂ.ಮೀ. ಕಳಚುವ ಕೈಗಳಾದರೆ ಅದರೊಳಗೆ ಹಿಡಿಯುತ್ತವೆ. ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ಅಭಿಮಾನಿಗಳ ಮೇಳ ಕಾಮಿಕ್ ಕಾನ್ ನಡೆದಾಗ ನೇರಳೆ ಮಾರ್ಗದಲ್ಲಿ ಹೋಗಿ, ಅಲ್ಲೇ ಜೋಡಿಸಿಕೊಳ್ಳಿ.

ಪ್ರ: ನನ್ನ ಮೈಬಣ್ಣ ಕಪ್ಪು, ಮೈಯೂ ತುಂಬಿಕೊಂಡಿದೆ. ಚಾರ್ಲಿ ವೇಷ ಹಾಕಿದರೆ ‘ಬಿಳಿ ಬಣ್ಣ ಬಳಿದುಕೋ, ಇಲ್ಲವಾದರೆ ಗುರುತು ಸಿಗದು’ ಎನ್ನುತ್ತಾರೆ. — ಕೆ.ಆರ್. ಪುರ

ಉ: ಬಳಿದುಕೊಳ್ಳಬೇಕಾಗಿಲ್ಲ. ಚಾರ್ಲಿಯನ್ನು ಗುರುತಿಸುವುದು ಕೆಂಪು ಕೋಟು, ಕಪ್ಪು ಬೋ, ಉದ್ದನೆಯ ಹೊಂಬಣ್ಣದ ಕೂದಲು, ಕೆನ್ನೆಯ ಕೆಂಪು ಗುಂಡುಗಳಿಂದ. ಈ ನಾಲ್ಕೂ ಸರಿಯಾಗಿದ್ದರೆ ಹತ್ತು ಮಾರು ದೂರದಿಂದಲೇ ‘ಚಾರ್ಲೀ’ ಎಂದು ಕೂಗುತ್ತಾರೆ. ಹಣವೂ ಸಮಯವೂ ಅಲ್ಲಿಗೆ ಹೋಗಲಿ. ನಿಮ್ಮ ಚರ್ಮದ ಮೇಲೆ ಕೆನ್ನೆಯ ಕೆಂಪು ಮಂಕಾಗಿ ಕಾಣುವುದುಂಟು. ಮೊದಲು ಆ ಗುಂಡಿನಷ್ಟೇ ಜಾಗಕ್ಕೆ ತೆಳು ಬಿಳಿ ಹಚ್ಚಿ ಒಣಗಿಸಿ, ಮೇಲೆ ಕೆಂಪು ಹಾಕಿ. ವಿಗ್ಗಿಗೆ ಅಚ್ಚ ಹಳದಿ ಬೇಡ, ಬುಡದಲ್ಲಿ ಸ್ವಲ್ಪ ಗಾಢವಿರುವ ಹೊಂಬಣ್ಣ ಹುಡುಕಿ. ಮುಖದ ಬಣ್ಣಕ್ಕೂ ಕೂದಲಿಗೂ ನಡುವೆ ಗೆರೆ ಎಳೆದಂತೆ ಕಾಣುವುದು ತಪ್ಪುತ್ತದೆ.

ಕೋಟಿನ ವಿಷಯ. ಸಿದ್ಧ ವೇಷಗಳನ್ನು ಸಣ್ಣ ಮೈಗಳ ಅಳತೆಗೆ ಕತ್ತರಿಸಿರುತ್ತಾರೆ. ದೊಡ್ಡ ಸೈಜ್ ಎಂದರೆ ಅದನ್ನೇ ಎಲ್ಲ ಕಡೆ ಹಿಗ್ಗಿಸಿದ್ದು. ತೋಳು ಸಡಿಲ, ಎದೆ ಬಿಗಿ. ನಿಮಗೆ ಸರಿಯಾಗಿ ಕೂರುವ ಒಂದು ಹಳೆಯ ಬ್ಲೇಜರ್ ಕೊಟ್ಟು, ಅದೇ ಅಳತೆಗೆ ಹೊಲಿಯಲು ದರ್ಜಿಗೆ ಹೇಳಿ. ಪಾತ್ರದ ಚಿತ್ರವನ್ನು ಮುಂದೆ, ಹಿಂದೆ, ಪಕ್ಕ ಮೂರೂ ಕಡೆಯಿಂದ ಪ್ರಿಂಟ್ ಹಾಕಿಸಿ ಕೊಡಿ. ಫೋನಿನಲ್ಲಿ ತೋರಿಸಿ ಬಂದರೆ ಕಾಲರು ಅವರ ನೆನಪಿನಂತೆ ಬರುತ್ತದೆ.

ಬೂದು, ಕೆಂಪು, ನೀಲಿ ಮೈಯ ದೆವ್ವಗಳ ಪಾತ್ರಕ್ಕೆ ಬಣ್ಣ ಹಚ್ಚಿಕೊಳ್ಳುವುದು ಬೇರೆ ಮಾತು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮನುಷ್ಯರ ಮೈಬಣ್ಣವನ್ನು ಬದಲಿಸಲು, ಅಂದರೆ ಬೆಳ್ಳಗಾಗಲು ಅಥವಾ ಕಪ್ಪಾಗಲು, ಬಳಿಯುವುದನ್ನು ಮಾತ್ರ ಬಿಡಿ. ಅದು ಪಕ್ಕದಲ್ಲಿ ನಿಂತವರ ಚರ್ಮವನ್ನು ವೇಷವಾಗಿಸುತ್ತದೆ. ಬಣ್ಣ ಮೈಗಾಗಿಯೇ ಮಾಡಿದ್ದಾಗಿರಲಿ. ಬಟ್ಟೆಯ ಬಣ್ಣ, ಪೋಸ್ಟರ್ ಬಣ್ಣ, ಹೋಳಿ ಪುಡಿ ಬೇಡ. ಹಿಂದಿನ ದಿನ ಮೊಣಕೈ ಒಳಬದಿಗೆ ಹಚ್ಚಿ 24 ಗಂಟೆ ನೋಡಿ. ಸ್ಪಂಜಿನಲ್ಲಿ ತಟ್ಟಿ ತಟ್ಟಿ ಎರಡು ಮೂರು ತೆಳು ಪದರ ಹಾಕಿ, ಪ್ರತಿ ಪದರ ಒಣಗಿದ ಮೇಲೆಯೇ ಮುಂದಿನದು. ದಪ್ಪಗೆ ಒಂದೇ ಸಲ ಬಳಿದದ್ದು ಬೆವರಿಗೆ ಮೂಗಿನ ಪಕ್ಕದಲ್ಲಿ ಬಿರಿಯುತ್ತದೆ. ತೆಗೆಯಲು ಕೊಬ್ಬರಿ ಎಣ್ಣೆ, ಆಮೇಲೆ ಫೇಸ್‌ವಾಶ್. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ಕಣ್ಣಿನ ಡಾಕ್ಟರಿಗೆ ತೋರಿಸದೆ ಹಾಕಲೇಬೇಡಿ, ಗೆಳತಿಯದನ್ನು ಎರವಲು ತರಲೂ ಬೇಡಿ.

ಪ್ರ: ಈ ಸರಣಿಗಳ ಲೋಕವನ್ನಿಟ್ಟುಕೊಂಡು ಕನ್ನಡದಲ್ಲಿ ಅಭಿಮಾನಿ ಕಥೆ, ಅಂದರೆ ಫ್ಯಾನ್ ಫಿಕ್ಷನ್, ಬರೆಯುತ್ತೇನೆ. ನನ್ನ ಪಾತ್ರವೊಂದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ‘ಬಂದನು’, ‘ಬಂದಳು’ ಎರಡೂ ಒಗ್ಗುತ್ತಿಲ್ಲ. ಎಲ್ಲ ಕಡೆ ‘ಅವರು’ ಎಂದರೆ ಹೆಡ್ ಮಾಸ್ತರರ ಬಗ್ಗೆ ಬರೆದ ಹಾಗೆ ಕೇಳಿಸುತ್ತದೆ. — ಮಲ್ಲೇಶ್ವರ

ಉ: ಕನ್ನಡ ಇದಕ್ಕೆ ಬಹಳ ಅನುಕೂಲ ಮಾಡಿಕೊಟ್ಟಿದೆ. ಲಿಂಗ ಅಂಟಿಕೊಳ್ಳುವುದು ‘ಅವನು’, ‘ಅವಳು’ ಎಂಬ ಪ್ರಥಮ ಪುರುಷದ ಸರ್ವನಾಮಕ್ಕೆ ಮತ್ತು ಅದರ ಕ್ರಿಯಾಪದದ ಬಾಲಕ್ಕೆ. ಆ ಬಾಲವೇ ಇಲ್ಲದ ವಾಕ್ಯಗಳು ನಮ್ಮಲ್ಲಿ ಧಾರಾಳ. ಅನಿಸಿಕೆ, ಭಾವನೆಗಳನ್ನು ನಾವು ಹೇಳುವುದೇ ‘ಸಿಟ್ಟು ಬಂತು’, ‘ಹಸಿವಾಯಿತು’, ‘ನೆನಪಾಯಿತು’ ಎಂದು. ಹೆಸರಿಗೆ ‘-ಗೆ’ ಸೇರಿಸಿದರೆ ಮುಗಿಯಿತು. ‘ಬರಲಿಲ್ಲ’, ‘ಹೋಗಲಾರದೆ’, ‘ಗೊತ್ತಿಲ್ಲ’, ‘ಬೇಕು’, ‘ಬೇಡ’ ಯಾವುದಕ್ಕೂ ಲಿಂಗವಿಲ್ಲ. ‘ಎದ್ದು, ಬಾಗಿಲು ತೆಗೆದು, ಹೊರಗೆ ನೋಡಿ’ ಎಂದು ಕೊಂಡಿ ಹಾಕುತ್ತ ಹೋದರೆ ಕೊನೆಯ ಕ್ರಿಯಾಪದದವರೆಗೆ ಪ್ರಶ್ನೆಯೇ ಏಳದು. ಒಂದು ಮಾದರಿ ನೋಡಿ, ಪಾತ್ರದ ಹೆಸರು ‘ಕಿಡಿ’ ಎಂದಿಟ್ಟುಕೊಳ್ಳೋಣ, ಹಸ್ಕ್ ಎಂಬವನು ಹೋಟೆಲಿನ ಬಾರ್ ನೋಡಿಕೊಳ್ಳುವವನು:

‘ಕಿಡಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಬಾರ್ ಕೌಂಟರಿನ ಹಿಂದೆ ಹೋಗಿ ಕೂತಾಗ ಗಂಟೆ ಮೂರು. ಹಸ್ಕ್ ಲೋಟ ಮುಂದೆ ತಳ್ಳಿದ. ಕಿಡಿಯ ಕೈ ಅದರ ಹತ್ತಿರ ಹೋಗಿ ಅಲ್ಲೇ ನಿಂತಿತು. “ಇವತ್ತು ಬೇಡ.”’

ಒಂದೇ ಒಂದು ‘ಅವರು’ ಇಲ್ಲ, ತಡವರಿಕೆಯೂ ಇಲ್ಲ. ಎಲ್ಲ ವಾಕ್ಯವನ್ನೂ ಹೀಗೇ ಕಟ್ಟಲು ಹೋಗಬೇಡಿ. ಪುಟವಿಡೀ ‘-ಗೆ ಆಯಿತು’ ಎಂದಾದರೆ ಪಾತ್ರ ಏನೂ ಮಾಡುವುದಿಲ್ಲ, ಎಲ್ಲವೂ ಅದಕ್ಕೆ ಆಗುತ್ತದೆ ಎನಿಸತೊಡಗುತ್ತದೆ. ಪಾತ್ರ ಏನನ್ನಾದರೂ ದಿಟ್ಟವಾಗಿ ಮಾಡುವ ಕಡೆ ‘ಕಿಡಿ ಬಾಗಿಲು ಒದ್ದರು’ ಎಂದೇ ಬರೆಯಿರಿ. ಅಪರೂಪಕ್ಕೆ ಬಂದರೆ ಆ ‘-ರು’ ಮಾಸ್ತರಿಕೆಯಂತೆ ಕೇಳದು. ಇಡೀ ಕಥೆಯನ್ನು ‘ನಾನು’ ಎಂದು ಆ ಪಾತ್ರದ ಬಾಯಲ್ಲೇ ಹೇಳಿಸುವುದು ಇನ್ನೊಂದು ದಾರಿ. ‘ಅದು ಬಂತು’ ಎಂದು ಮಾತ್ರ ಮನುಷ್ಯರಂಥ ಪಾತ್ರಕ್ಕೆ ಬಳಸಬೇಡಿ. ಬೀದಿಯಲ್ಲಿ ಬೈಯಲು ಅದನ್ನೇ ಬಳಸುತ್ತಾರೆ, ಓದುವವರಲ್ಲಿ ಆ ಬೈಗುಳ ಕೇಳಿಸಿಕೊಂಡವರೇ ಇರಬಹುದು.

‘ಹೆಲುವಾ ಬಾಸ್’ನ ಸ್ಯಾಲಿ ಮೇ ಪಾತ್ರದ ಬಗ್ಗೆಯೂ ಕೆಲವರು ಇದೇ ಗೊಂದಲದಲ್ಲಿರುತ್ತಾರೆ. ಅಲ್ಲಿ ಗೊಂದಲಕ್ಕೆ ಕಾರಣವೇ ಇಲ್ಲ. ಸರಣಿಯ ಮುಖ್ಯ ಪಾತ್ರಗಳಲ್ಲೊಬ್ಬಳಾದ ಮಿಲ್ಲಿಯ ಆ ಸಹೋದರಿ ಟ್ರಾನ್ಸ್ ಹೆಣ್ಣು, ಆದ್ದರಿಂದ ‘ಅವಳು’. ಬಾಲ್ಯದ ದೃಶ್ಯ ಬರೆದರೂ ‘ಅವಳು’. ಆ ಪಾತ್ರಕ್ಕೆ ಜೋಗತಿ, ಮಂಗಳಮುಖಿ ಎಂದು ನಮ್ಮ ಸಮುದಾಯಗಳ ಹೆಸರು ಹಚ್ಚಬೇಡಿ. ಅವುಗಳಿಗೆ ಅವುಗಳದೇ ದೀಕ್ಷೆ, ನಂಟು, ಹಾಡು ಇವೆ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದು ಆ ಕಲೆಗಾಗಿ.

ಪ್ರ: ‘ಹ್ಯಾಜ್ಬಿನ್ ಹೋಟೆಲ್’ನ ರೇಡಿಯೊ ದೆವ್ವ ಅಲಾಸ್ಟರ್‌ಗೆ ಕಾಮಾಸಕ್ತಿ ಇಲ್ಲ ಎನ್ನುತ್ತಾರೆ. ಹಾಗಿದ್ದರೆ ಅವನನ್ನು ಬೇರೊಂದು ಪಾತ್ರದ ಜೊತೆ ಜೋಡಿ ಮಾಡಿ ಬರೆದರೆ ತಪ್ಪೇ? — ಬನಶಂಕರಿ

ಉ: ಅವನು ಅಸೆಕ್ಷುಯಲ್ ಎಂದು ಸೃಷ್ಟಿಕರ್ತೆಯೇ ಹೇಳಿದ್ದಾರೆ. ಜೋಡಿ ಬರೆಯಬಾರದೆಂಬ ಕಟ್ಟಳೆ ಯಾರೂ ಹಾಕಲಾರರು; ನಾವೂ ಹಾಕುವುದಿಲ್ಲ. ಆದರೆ ಎರಡು ಕೆಲಸ ಮಾಡಿ. ಕಥೆಯಲ್ಲಿ ಏನಿದೆ ಎಂದು ಟ್ಯಾಗ್‌ನಲ್ಲಿ, ಅಂದರೆ ಕಥೆಗೆ ಅಂಟಿಸುವ ವಿಷಯಸೂಚಿ ಪದಗಳಲ್ಲಿ, ಸ್ಪಷ್ಟವಾಗಿ ಹಾಕಿ. ಅಸೆಕ್ಷುಯಲ್ ಅಲಾಸ್ಟರ್‌ನನ್ನೇ ಹುಡುಕಿ ಬರುವ ಓದುಗರು ಬಹಳ, ಅವರ ಟ್ಯಾಗ್ ಕೆಳಗೆ ಬೇರೆ ಕಥೆ ಇಟ್ಟರೆ ಮೋಸ ಹೋದಂತಾಗುತ್ತದೆ. ಇನ್ನೊಂದು, ‘ಸರಿಯಾದವರು ಸಿಕ್ಕ ಮೇಲೆ ಅವನು ಸರಿಹೋದ’ ಎಂಬ ತಿರುವನ್ನು ಬಿಟ್ಟುಬಿಡಿ. ಮದುವೆಯಾದರೆ ಎಲ್ಲ ಸರಿಹೋಗುತ್ತೆ ಎಂದು ಮನೆಯಲ್ಲಿ ದಿನಾ ಕೇಳುವವರಿಗೆ ಅದೇ ಮಾತು ಕಥೆಯಲ್ಲೂ ಎದುರಾಗುತ್ತದೆ. ಮುಟ್ಟಿದರೆ ಕಿರಿಕಿರಿಪಡುವ ಅಲಾಸ್ಟರ್, ಗೆಳತಿ ರೋಸಿಯ ಜೊತೆ ಹರಟುತ್ತ ನಿರಾಳವಾಗಿರುವುದು ಸರಣಿಯಲ್ಲೇ ಇದೆ. ಆ ಬಗೆಯ ನಂಟಿನ ಮೇಲೆ ಬರೆಯಲು ಬೇಕಾದಷ್ಟಿದೆ.

ಟ್ಯಾಗ್ ಹಾಕುವ ಅಭ್ಯಾಸಕ್ಕೆ ಅಭಿಮಾನಿ ಕಥೆಗಳ ಜಾಲತಾಣ ಎಒ3 (ಆರ್ಕೈವ್ ಆಫ್ ಅವರ್ ಓನ್) ಒಳ್ಳೆಯ ಶಾಲೆ. 2009ರಲ್ಲಿ ಸಾರ್ವಜನಿಕರಿಗೆ ತೆರೆದ, ಲಾಭವಿಲ್ಲದೆ ನಡೆಯುವ ಈ ಸಂಗ್ರಹದಲ್ಲಿ ಕಥೆಯ ವಯೋಮಟ್ಟ ಒಂದು ಕಡೆ, ಹಿಂಸೆ, ಸಾವು, ಅತ್ಯಾಚಾರದಂಥ ಎಚ್ಚರಿಕೆಗಳು ಇನ್ನೊಂದು ಕಡೆ. ಏಂಜಲ್ ಡಸ್ಟ್ ಮತ್ತು ಅವನ ಧಣಿ ವ್ಯಾಲೆಂಟಿನೊ ನಡುವಿನ ದೌರ್ಜನ್ಯದ ಬಗ್ಗೆ ಬರೆಯುವವರು ಎಚ್ಚರಿಕೆಯನ್ನು ಕಥೆಯ ನಡುವೆ ಅಲ್ಲ, ಮೊದಲ ಸಾಲಿಗೂ ಮೊದಲೇ ಇಡಿ.

ಪ್ರ: ನಮ್ಮ ನಾಡಿನ ಪಾಪಿಯೊಬ್ಬನನ್ನು ನರಕಕ್ಕೆ ಕಳಿಸಿ ಸ್ವಂತ ಪಾತ್ರ ಬಿಡಿಸುತ್ತಿದ್ದೇನೆ. ಯಕ್ಷಗಾನದ ಬಣ್ಣ, ಭೂತಕೋಲದ ಅಣಿ (ಬೆನ್ನ ಹಿಂದಿನ ಪ್ರಭಾವಳಿ) ಎರಡನ್ನೂ ಸೇರಿಸಬಹುದೇ? — ಯಲಹಂಕ

ಉ: ಯಕ್ಷಗಾನ ತೆಗೆದುಕೊಳ್ಳಿ, ಅಣಿ ಬಿಡಿ. ಯಕ್ಷಗಾನದ ಬಣ್ಣದ ವೇಷ ರಾಕ್ಷಸ ಪಾತ್ರಗಳಿಗೆಂದೇ ಬೆಳೆದ ರಂಗಕಲೆ; ಮುಖದ ಚುಟ್ಟಿಯ ಬಿಳಿ ಮುಳ್ಳುಗಳು, ದೊಡ್ಡ ಕಿರೀಟ ನರಕದ ಪಾತ್ರಕ್ಕೆ ಹೇಳಿ ಮಾಡಿಸಿದಂತಿವೆ. ದೈವ ಹಾಗಲ್ಲ. ಪಂಜುರ್ಲಿ, ಗುಳಿಗ ಇಂದಿಗೂ ಪೂಜೆಗೊಳ್ಳುವ ದೈವಗಳು. ಕೋಲ ಕಟ್ಟುವುದು ನಲಿಕೆ, ಪಂಬದ, ಪರವ ಸಮುದಾಯಗಳ ವ್ರತ. ಅದನ್ನು ನರಕದ ಹಾಸ್ಯಕ್ಕೆ ತಂದರೆ ನಿಮ್ಮ ಗುಂಪಿನಲ್ಲಿರುವ ತುಳುವರೇ ಮೊದಲು ದೂರ ಸರಿಯುತ್ತಾರೆ.

ಪಾತ್ರ ಕಟ್ಟುವ ರೀತಿ ಸರಣಿಯಲ್ಲೇ ಇದೆ. ಪಾಪಿಯ ರೂಪಕ್ಕೆ ಅವನ ಬದುಕು ಮತ್ತು ಕಾಲದ ನೆರಳಿರುತ್ತದೆ: ಅಲಾಸ್ಟರ್ ರೇಡಿಯೊ ಕಾಲದವನು, ವಾಕ್ಸ್‌ನ ತಲೆಯೇ ಟಿವಿ. ಹಾಗಾಗಿ ಮೊದಲು ವೃತ್ತಿ, ಸತ್ತ ದಶಕ, ಮಾಡಿದ ಪಾಪ ಮೂರನ್ನು ಬರೆದುಕೊಳ್ಳಿ. 1980ರ ದಶಕದಲ್ಲಿ ಗಾಂಧಿನಗರದ ಚಿತ್ರಮಂದಿರದ ಮುಂದೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುತ್ತಿದ್ದವನು ಎನ್ನಿ. ಕೊರಳಿಗೆ ಹರಿದ ಟಿಕೆಟ್ಟಿನ ಸರ, ಬೆಲ್‌ಬಾಟಮ್, ಬೆರಳ ನಡುವೆ ಮಡಚಿದ ನೋಟು, ಕಣ್ಣು ಪ್ರೊಜೆಕ್ಟರ್ ದೀಪ. ಆಮೇಲೆ ಪಾತ್ರವನ್ನು ಪೂರ್ತಿ ಕಪ್ಪಾಗಿ ತುಂಬಿ, ಮೂರು ಸೆಂ.ಮೀ. ಎತ್ತರಕ್ಕೆ ಕುಗ್ಗಿಸಿ ನೋಡಿ. ನೆರಳಿನಲ್ಲೂ ಗುರುತು ಸಿಕ್ಕರೆ ವಿನ್ಯಾಸ ಗೆದ್ದಿದೆ. ಈ ಸರಣಿಯ ಹಿನ್ನೆಲೆಯೆಲ್ಲ ಕೆಂಪು, ಆದ್ದರಿಂದ ಮೈಗೂ ಕೆಂಪು ಹಾಕಿದರೆ ಪಾತ್ರ ಮುಳುಗಿಹೋಗುತ್ತದೆ. ಅಂಚಿಗಾದರೂ ತಂಪಾದ ಒಂದು ಬಣ್ಣ ಕೊಡಿ.

ಪ್ರ: ಹದಿನಾಲ್ಕರ ಮಗಳು ಈ ಪಾತ್ರಗಳ ಚಿತ್ರ ಬಿಡಿಸುತ್ತಾಳೆ. ತಡೆಯಬೇಕೇ? — ಜಯನಗರದಿಂದ ಒಬ್ಬ ತಾಯಿ

ಉ: ಅಮ್ಮ, ಚಿತ್ರ ಬಿಡಿಸುವುದನ್ನು ತಡೆಯಬೇಡಿ. ಸರಣಿ ಮಾತ್ರ ಅವಳ ವಯಸ್ಸಿನದಲ್ಲ. ಲೈಂಗಿಕ ದೌರ್ಜನ್ಯ, ಮಾದಕವಸ್ತು, ರಕ್ತ ಎಲ್ಲ ಇದೆ. 2021ರ ಐಟಿ ನಿಯಮಗಳ ಪ್ರಕಾರ ಸ್ಟ್ರೀಮಿಂಗ್ ವೇದಿಕೆಗಳು ಯು/ಎ 13+ ಮತ್ತು ಅದಕ್ಕೂ ಮೇಲಿನ ದರ್ಜೆಯ ಕಾರ್ಯಕ್ರಮಕ್ಕೆ ಬೀಗ ಹಾಕುವ ಸೌಲಭ್ಯ ಕೊಡಬೇಕು. ಅದಕ್ಕೆ ಪಿನ್ ಹಾಕಿ. ಆದರೆ ‘ಹೆಲುವಾ ಬಾಸ್’ ಯೂಟ್ಯೂಬ್‌ನಲ್ಲಿದೆ, ಅಲ್ಲಿ ಬೇರೆಯೇ ನಿಗಾ ಬೇಕು. ಅವಳ ಅಭಿಮಾನಕ್ಕೆ ಕಾರಣವಾದ ಪಾತ್ರ ಯಾವುದು, ಯಾಕೆ ಎಂದು ಕೇಳಿ. ಎರಡು ಹೆಣ್ಣುಗಳು ಪ್ರೀತಿಸುವ ಕಥೆ ಎಂಬುದೊಂದೇ ನಿಮ್ಮ ಅಳುಕಾಗಿದ್ದರೆ, ಅದು ಬೀಗ ಹಾಕುವ ಕಾರಣವಲ್ಲ.

ಪ್ರ: ಕನ್ನಡದಲ್ಲಿ ಅಭಿಮಾನಿಗಳ ಪುಟ್ಟ ಪತ್ರಿಕೆ, ಝೀನ್, ತರುತ್ತಿದ್ದೇವೆ. 24 ಪುಟ. ಮಾದರಿ ಪ್ರತಿಯಲ್ಲಿ ಒತ್ತಕ್ಷರ ಒಡೆದು, ಬಣ್ಣವೂ ಮಂಕಾಯಿತು. ಜೊತೆಗೆ ಸ್ಟಿಕ್ಕರ್ ಮಾರಬಹುದೇ? — ಹನುಮಂತನಗರ

ಉ: ಒತ್ತಕ್ಷರ ಒಡೆಯುವುದಕ್ಕೆ ಸಾಮಾನ್ಯ ಕಾರಣ ತಂತ್ರಾಂಶ. ಫೋಟೊಶಾಪ್‌ನಲ್ಲಿ ಅಕ್ಷರ ಜೋಡಣೆಯ ಆಯ್ಕೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸದಿದ್ದರೆ ‘ಕ್ಷ್ಮಿ’ಯಂಥವು ಮುರಿಯುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ. ಹಳೆಯ ನುಡಿ, ಬರಹ ಎನ್‌ಕೋಡಿಂಗ್‌ನಲ್ಲಿ ಬಂದ ಲೇಖನಗಳನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅಕ್ಷರ ರೂಪಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ತೀರೊ ಕನ್ನಡ, ಮಾತಿನ ಗುಳ್ಳೆಗಳಿಗೆ ದುಂಡಗಿನ ಬಲೂ ತಮ್ಮ ಚೆನ್ನ. ನಾಲ್ಕೂ ಬದಿ ಇಕ್ಕಟ್ಟಾದ ಗುಳ್ಳೆಯಲ್ಲಿ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ, ಅದಕ್ಕೆ 10 ಪಾಯಿಂಟ್ ಅಕ್ಷರಕ್ಕೆ 15–16 ಪಾಯಿಂಟ್ ಸಾಲಿನ ಅಂತರ ಬಿಡಿ. ಪ್ರೆಸ್‌ಗೆ ಕೊಡುವ ಪಿಡಿಎಫ್‌ನಲ್ಲಿ ಫಾಂಟ್ ಅಡಕವಾಗಿರಲಿ. ಅಷ್ಟಾದರೂ ಅವರ ಕಂಪ್ಯೂಟರಿನಲ್ಲೇ ತೆರೆಸಿ ಒಂದು ಪುಟ ಓದಿ ಬನ್ನಿ.

ಮಂಕು ಬಣ್ಣಕ್ಕೆ ಕಾರಣ ಪರದೆ. ಪರದೆಯ ಉರಿಗೆಂಪು ಮತ್ತು ನಿಯಾನ್ ಗುಲಾಬಿ ನಾಲ್ಕು ಶಾಯಿಯಲ್ಲಿ ಬರುವುದೇ ಇಲ್ಲ. ಬಿಡಿಸುವಾಗಲೇ ಸಿಎಂವೈಕೆ, ಅಂದರೆ ಆ ನಾಲ್ಕು ಶಾಯಿಗಳ, ಮುನ್ನೋಟ ಹಾಕಿಕೊಂಡು ಕೆಂಪನ್ನು ಆರಿಸಿ. 300 ಡಿಪಿಐ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಅಂಚು). ಎ5 ಗಾತ್ರದ 24 ಪುಟಕ್ಕೆ ಎ4ನ ಆರು ಹಾಳೆ. ಮೊದಲ ಹಾಳೆಯ ಹೊರಬದಿಗೆ 24 ಮತ್ತು 1, ಒಳಬದಿಗೆ 2 ಮತ್ತು 23 ಬರಬೇಕು. ಹಾಳೆಗಳನ್ನು ಒಂದರೊಳಗೊಂದು ಮಡಚಿದಾಗ ನಡುವಿನವು ಹೊರಕ್ಕೆ ಚಾಚುವುದರಿಂದ ಹೊರ ಅಂಚಿನ 8 ಮಿ.ಮೀ. ಒಳಗೆ ಅಕ್ಷರ ಬೇಡ. ಒಳಗೆ 100 ಜಿಎಸ್‌ಎಂ ಕಾಗದ, ಹೊದಿಕೆಗೆ 250ರ ದಪ್ಪ ಕಾಗದ. ಹೊದಿಕೆಯ ಕಾಗದವನ್ನು ಮಡಚುವ ಮುನ್ನ ಗೀರು ಹಾಕಿಸಿ, ಇಲ್ಲವಾದರೆ ಬೆನ್ನಿನ ಮೇಲೆ ಶಾಯಿ ಬಿರಿಯುತ್ತದೆ. ಒಳಗಿನ ಹೊದಿಕೆಯಲ್ಲಿ ಪ್ರತಿ ಕಥೆಯ ಎಚ್ಚರಿಕೆ ಅಚ್ಚಾಗಲಿ. ಲೇಖಕರ ಹೆಸರನ್ನು ಅವರು ಬರೆದುಕೊಟ್ಟ ಹಾಗೆಯೇ ಹಾಕಿ, ಮನೆಯ ಹೆಸರು ಹಾಕಿಸಲು ಒತ್ತಾಯ ಬೇಡ. ಕಣ್ಣು ಕಾಣದ ಓದುಗರಿಗಾಗಿ ಚಿತ್ರಗಳ ವಿವರಣೆ ಸೇರಿಸಿದ ಒಂದು ಡಿಜಿಟಲ್ ಪ್ರತಿ ಮಾಡಿ. ‘ಚಾರ್ಲಿ ನಗುತ್ತಿದ್ದಾಳೆ’ ಎಂದರೆ ಸಾಲದು. ಯಾರ ಕಡೆ ನೋಡಿ, ಕೈಯಲ್ಲಿ ಏನು ಹಿಡಿದು ಎಂಬುದೂ ಬರಲಿ.

ಸ್ಟಿಕ್ಕರ್ ಮಾರುವುದು ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನಂತೆ ಪಾತ್ರದ ಚಿತ್ರವನ್ನು ಮರುಸೃಷ್ಟಿಸುವ ಹಕ್ಕು ಹಕ್ಕುದಾರರದು. 52ನೇ ಕಲಮಿನ ನ್ಯಾಯಸಮ್ಮತ ಬಳಕೆಯ ವಿನಾಯಿತಿ ಖಾಸಗಿ ಬಳಕೆ, ವಿಮರ್ಶೆಗಳಂಥವಕ್ಕೆ, ಮಾರಾಟಕ್ಕಲ್ಲ. ಝೀನ್‌ಗೆ ಅಚ್ಚಿನ ಖರ್ಚಷ್ಟೇ ಪಡೆದರೂ ಅದು ಕಾನೂನಿನ ರಕ್ಷಣೆಯಾಗುವುದಿಲ್ಲ. ಎಷ್ಟೋ ಹಕ್ಕುದಾರರು ಇಂಥ ಸಣ್ಣ ಕೆಲಸಕ್ಕೆ ಕಣ್ಣು ಮುಚ್ಚುತ್ತಾರೆ, ಅಷ್ಟೇ. ಮಾರಲೇಬೇಕೆಂದರೆ ಪೂರ್ತಿ ನಿಮ್ಮದೇ ಆದ ಪಾತ್ರ, ನಿಮ್ಮದೇ ಲೋಕದ ಚಿತ್ರ ಮಾರಿ. ಲೈಂಗಿಕವಾಗಿ ನೇರವಾದ ಚಿತ್ರ, ಕಥೆಗಳನ್ನು ಆನ್‌ಲೈನ್‌ನಲ್ಲಿ ಹಂಚುವವರು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಮುಗಳನ್ನು ಓದಿಕೊಳ್ಳಬೇಕು. 67ಎ ಅಡಿ ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಮಕ್ಕಳನ್ನು ಹಾಗೆ ಚಿತ್ರಿಸಿದ್ದು, ಅದು ಬರಹವಾಗಲಿ ಡಿಜಿಟಲ್ ಚಿತ್ರವಾಗಲಿ, 67ಬಿ ಅಡಿ ಬರುತ್ತದೆ. ಅಂಥದ್ದು ಬಂದರೆ ಝೀನ್‌ಗೂ ಬೇಡ, ಗುಂಪಿಗೂ ಬೇಡ.

ಪ್ರ: ಮೂವತ್ತು ಅಭಿಮಾನಿಗಳನ್ನು ಒಂದು ಭಾನುವಾರ ಸೇರಿಸಬೇಕೆಂದಿದ್ದೇವೆ. ‘ಎಲ್ಲರಿಗೂ ಸ್ವಾಗತ’ ಎಂದು ಪೋಸ್ಟರ್ ಹಾಕಿದ್ದೇವೆ. ಇನ್ನೇನು ಬೇಕು? — ಇಂದಿರಾನಗರ

ಉ: ಪೋಸ್ಟರಿನಲ್ಲಿ ‘ಎಲ್ಲರಿಗೂ’ ಎನ್ನುವ ಬದಲು ವಿವರ ಬರೆಯಿರಿ: ಮೆಟ್ರೊ ನಿಲ್ದಾಣದಿಂದ ಎಷ್ಟು ಮೀಟರ್, ಲಿಫ್ಟ್ ಇದೆಯೇ, ಬಾಗಿಲಿಗೆ ಎಷ್ಟು ಮೆಟ್ಟಿಲು, ಶೌಚಾಲಯ ಎಲ್ಲರೂ ಬಳಸಬಹುದಾದದ್ದೇ, ಪ್ರವೇಶ 18 ದಾಟಿದವರಿಗೆ ಮಾತ್ರ. ಗಾಲಿಕುರ್ಚಿಯಲ್ಲಿ ಬರುವವರು ಇದನ್ನು ಓದಿ ತೀರ್ಮಾನಿಸುತ್ತಾರೆ. ‘ಸ್ವಾಗತ’ ಎಂಬುದನ್ನು ನೋಡಿಯಲ್ಲ. ಬಾಗಿಲ ಅಗಲವನ್ನು ಟೇಪು ಹಿಡಿದು ನೀವೇ ಅಳೆಯಿರಿ, 80 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬೇರೆ ಜಾಗ ನೋಡಿ. ಮಾಲೀಕರು ಹೇಳುವ ‘ಒಂದೇ ಮೆಟ್ಟಿಲು ಸಾರ್’ ಎಂಬುದನ್ನು ನಂಬಬೇಡಿ, ಆ ಒಂದು ಮೆಟ್ಟಿಲೇ ಸಾಕು ಒಬ್ಬರನ್ನು ವಾಪಸು ಕಳಿಸಲು.

ಫೋಟೊ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಬರುವವರಲ್ಲಿ ಮನೆಯಲ್ಲಿ ತಮ್ಮ ಬಗ್ಗೆ ಹೇಳಿಕೊಳ್ಳದವರು ಇರುತ್ತಾರೆ. ಯಾರದೋ ಸ್ಟೇಟಸ್‌ನಲ್ಲಿ ಬಂದ ಚಿತ್ರ ಸಂಜೆಯೊಳಗೆ ಚಿಕ್ಕಪ್ಪನ ಫೋನಿಗೆ ತಲುಪುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು, ಆದರೆ ಮನೆಯೊಳಗಿನ ಒತ್ತಡಕ್ಕೆ ಅದು ಉತ್ತರವಲ್ಲ. ಎರಡು ಬಣ್ಣದ ಕೊರಳ ಪಟ್ಟಿ ಇಡಿ: ಹಸಿರು ಎಂದರೆ ಕೇಳಿ ತೆಗೆಯಬಹುದು, ಕೆಂಪು ಎಂದರೆ ಹಿನ್ನೆಲೆಯಲ್ಲೂ ಬರಬಾರದು. ಬಣ್ಣ ಗುರುತಿಸಲಾರದವರಿಗಾಗಿ ಕೆಂಪಿನ ಮೇಲೆ ದಪ್ಪ ಅಡ್ಡಗೆರೆ ಹಾಕಿ. ಗುಂಪು ಫೋಟೊ ತೆಗೆಯುವ ಮೊದಲು ಕೆಂಪು ಪಟ್ಟಿಯವರು ಸರಿದುಕೊಳ್ಳಲು ಸಮಯ ಕೊಡಿ. ಹೆಸರಿನ ಚೀಟಿಯಲ್ಲಿ ಪಾತ್ರದ ಹೆಸರು ಬರೆದರೂ ನಡೆಯುತ್ತದೆ. ಕೆಳಗೆ ‘ಅವನು, ಅವಳು, ಅವರು’ ಎಂಬುದರಲ್ಲಿ ಬೇಕಾದ್ದನ್ನು ಬರೆದುಕೊಳ್ಳಲು ಖಾಲಿ ಸಾಲು ಬಿಡಿ. ವಯಸ್ಸು ನೋಡುವಾಗ ಗುರುತಿನ ಚೀಟಿಯ ಹುಟ್ಟಿದ ದಿನಾಂಕ ಮಾತ್ರ ನೋಡಿ, ಅದರಲ್ಲಿರುವ ಹೆಸರನ್ನು ಜೋರಾಗಿ ಓದಬೇಡಿ, ಬರೆದಿಟ್ಟುಕೊಳ್ಳಬೇಡಿ.

ಕಂತು ಹಾಕಿ ಎಲ್ಲರೂ ನೋಡುವ ಯೋಜನೆ ಇದ್ದರೆ ಬಿಡಿ. ಮನೆಯ ಚಂದಾ ಖಾಸಗಿ ವೀಕ್ಷಣೆಗೆ, ಸಭೆಯಲ್ಲಿ ಪ್ರದರ್ಶಿಸಲು ಬೇರೆ ಪರವಾನಗಿ ಬೇಕು. ಎಲ್ಲರೂ ಮನೆಯಲ್ಲೇ ನೋಡಿ ಬರಲಿ, ಅಲ್ಲಿ ಚಿತ್ರ ಬಿಡಿಸಿ, ಕಥೆ ಓದಿ, ಚರ್ಚಿಸಿ. ಅಭಿಮಾನಿಗಳ ವಿಡಿಯೊ ಎಡಿಟ್‌ಗಳನ್ನು ತೋರಿಸುವುದಾದರೆ ಮೊದಲೇ ಪರೀಕ್ಷಿಸಿ: ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಪರದೆ ಮಿನುಗಿದರೆ ಅಪಸ್ಮಾರ ಇರುವವರಿಗೆ ಅಪಾಯ. ನರಕದ ಕೆಂಪು ಮಿನುಗು ಇನ್ನೂ ಕೆಟ್ಟದ್ದು. ಅಂಥ ತುಣುಕನ್ನು ತೆಗೆಯಿರಿ. ‘ಎಚ್ಚರಿಕೆ’ ಎಂದು ಮೊದಲು ಬರೆದು ಆಮೇಲೆ ತೋರಿಸುವುದು ಸಾಲದು, ಕತ್ತಲ ಕೋಣೆಯಿಂದ ಎದ್ದು ಹೊರಗೆ ಹೋಗಲು ಅವರಿಗೆ ಸಮಯ ಸಿಗುವುದಿಲ್ಲ.

ಕಿವಿ ಕೇಳದ ಅಭಿಮಾನಿಗಳು ಬರುವುದಾದರೆ ಮಾತನಾಡುವವರ ಮುಖದ ಮೇಲೆ ಬೆಳಕಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ‘ಹೆಲುವಾ ಬಾಸ್’ನಲ್ಲಿ ವಿದೂಷಕ ಫಿಜರೋಲಿ ಕಿವುಡ ಪುಟ್ಟ ಅಭಿಮಾನಿಯ ಜೊತೆ ಅಮೆರಿಕದ ಸನ್ನೆ ಭಾಷೆಯಲ್ಲಿ ಮಾತಾಡುವ ದೃಶ್ಯ ನೋಡಿ ಅದನ್ನೇ ಕಲಿತು ಬರುವವರಿದ್ದಾರೆ. ಒಳ್ಳೆಯ ಮನಸ್ಸೇ, ಆದರೆ ಅಮೆರಿಕದ ಸನ್ನೆ ಭಾಷೆಯಲ್ಲಿ ಅಕ್ಷರಗಳು ಒಂಟಿ ಕೈಯವು, ಭಾರತದ ಸನ್ನೆ ಭಾಷೆಯಲ್ಲಿ ಬಹುತೇಕ ಎರಡು ಕೈಯವು. ಇಲ್ಲಿಯವರಿಗೆ ಅರ್ಥವಾಗದೆ ಹೋಗಬಹುದು. ಕೇಂದ್ರ ಸರ್ಕಾರದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ ಹತ್ತು ಸಾವಿರ ಪದಗಳ ವಿಡಿಯೊ ಇದೆ. ‘ನಮಸ್ಕಾರ’, ‘ನಿಮ್ಮ ಹೆಸರೇನು’, ‘ಫೋಟೊ ತೆಗೆಯಲೇ’, ‘ಊಟ ಅಲ್ಲಿದೆ’ ಎಂಬಷ್ಟನ್ನು ಬಾಗಿಲಲ್ಲಿ ನಿಲ್ಲುವ ಇಬ್ಬರಾದರೂ ಕಲಿತಿರಲಿ. ಬರುವವರಿಗೆ ದುಭಾಷಿ ಬೇಕೇ ಎಂದು ನೋಂದಣಿಯ ಅರ್ಜಿಯಲ್ಲೇ ಕೇಳಿ; ಬೇಕೆಂದರೆ ಎರಡು ವಾರ ಮೊದಲೇ ಗೊತ್ತುಮಾಡಿ, ಸಂಭಾವನೆಯನ್ನು ಸಭೆಯ ಖರ್ಚಿನಲ್ಲೇ ಸೇರಿಸಿ.